ಹೊಳೆಬದಿ ಪ್ರಶ್ನೋತ್ತರ: ಕೇಳದೆ ಬಂದ ಮೀನುಗಳು

ಪ್ರಶ್ನೆ: ಹೋದ ದೀಪಾವಳಿಗೆ ಫ್ಲೈ ರಾಡ್ ಕೊಂಡೆ, ಗರಿ ಸುತ್ತಿದ ಹುಸಿ ಹುಳುವನ್ನು (ಫ್ಲೈ) ಎಸೆದು ಮೀನು ಹಿಡಿಯುವ ಕೋಲು. ಐದು ತಿಂಗಳಿಂದ ಭಾನುವಾರ ತಪ್ಪದೆ ಕಾವೇರಿಗೆ ಇಳಿಯುತ್ತಿದ್ದೇನೆ. ನಾನು ಬಯಸಿದ ದೊಡ್ಡ ಮೀನು, ಮಹಶೀರ್, ಒಂದೂ ಸಿಕ್ಕಿಲ್ಲ. ಬರುವುದೆಲ್ಲ ಗೇಣುದ್ದವೂ ಇಲ್ಲದ ಎರಡು ಜಾತಿ. ಒಂದಕ್ಕೆ ಪಕ್ಕೆಯಲ್ಲಿ ನೀಲಿ ಪಟ್ಟೆಗಳು, ಇನ್ನೊಂದಕ್ಕೆ ಬಾಲದ ಹತ್ತಿರ ಕಪ್ಪು ಮಚ್ಚೆ. ಜೊತೆಯವರು ‘ಕಸದ ಮೀನು’ ಅನ್ನುತ್ತಾರೆ. ಇವು ಕಚ್ಚದ ಹಾಗೆ ಮಾಡುವುದು ಹೇಗೆ?
– ಓದುಗರು, ವಿರಾಜಪೇಟೆ

ಉತ್ತರ: ಉಪಾಯ ಇದೆ, ಹೇಳುತ್ತೇನೆ. ಮೊದಲು ಆ ‘ಕಸ’ ಎಂಬ ಮಾತನ್ನು ಬಿಡಿಸಬೇಕು. ಮೂವತ್ತು ವರ್ಷ ಇದೇ ಹೊಳೆಯ ದಡದಲ್ಲಿ ಕಾಫಿ ನೋಡಿಕೊಂಡು, ಸಂಜೆ ಇದೇ ನೀರಿಗೆ ಲೈನು ಎಸೆದವನು ನಾನು. ಆ ಮಾತು ಕೇಳಿದಾಗಲೆಲ್ಲ ನನಗೆ ನೋವಾಗುತ್ತದೆ.

ಪಟ್ಟೆಯದು ಬ್ಯಾರಿಲಿಯಸ್. ಅದರ ಪೂರ್ತಿ ಹೆಸರಿನಲ್ಲಿ ‘ಗಟೆನ್ಸಿಸ್’ ಎಂದು ಬರುತ್ತದೆ, ಘಟ್ಟದ್ದು ಎಂದರ್ಥ. 1844ರಲ್ಲಿ ವಾಲೆನ್ಸಿಯೆನ್ ಎಂಬ ಫ್ರೆಂಚ್ ಪಂಡಿತ ಇಟ್ಟ ಹೆಸರು. ಕಲ್ಲಿನ ಮೇಲೆ ತಿಳಿನೀರು ಜುಳುಜುಳು ಹರಿಯುವ ಕಡೆ ಗುಂಪಾಗಿ ಇರುತ್ತದೆ, ಮೇಲಿನಿಂದ ಬೀಳುವ ಹುಳುವಿಗೆ ಕಾಯುತ್ತದೆ. ಬಾಯಿ ನೋಡಿ, ಮೈಗೆ ಹೋಲಿಸಿದರೆ ಎಷ್ಟು ದೊಡ್ಡದು! ಕಣ್ಣಿನ ಕೆಳಗಿನವರೆಗೂ ಸೀಳಿಕೊಂಡಿದೆ. ನೀರಿನ ಮೇಲೆ ತೇಲುವ ಹುಳುವನ್ನು ಹಾರಿ ಹಿಡಿಯುವ ಮೀನಿಗೆ ಇರಬೇಕಾದ ಬಾಯಿ ಅದು. ಹುಸಿ ಹುಳುವನ್ನು ನೀರ ಮೇಲೆ ತೇಲಿಸುವ ಡ್ರೈ ಫ್ಲೈ ಎಂಬ ವಿದ್ಯೆಗೆ ನಮ್ಮ ಕಾವೇರಿಯಲ್ಲಿ ಇದಕ್ಕಿಂತ ಒಳ್ಳೆಯ ಜೊತೆಗಾರ ಇಲ್ಲವೆಂದೇ ನನ್ನ ನಂಬಿಕೆ.

ಮಚ್ಚೆಯದು ಗೆಂಡೆಯ ಬಳಗ. ಬಾಲದ ಎರಡೂ ತುದಿಯಲ್ಲಿ ಕೆಂಪು, ಅದರಾಚೆ ಕಪ್ಪು ಇದ್ದರೆ ಅದು ಡಾಕಿನ್ಸಿಯಾ ಫಿಲಮೆಂಟೋಸಾ. ಗಂಡಿಗೆ ಪ್ರಾಯ ಬಂದಾಗ ಬೆನ್ನಿನ ರೆಕ್ಕೆಯ ಕಡ್ಡಿಗಳು ದಾರದ ಹಾಗೆ ಉದ್ದ ಬೆಳೆದು ನೀರಲ್ಲಿ ತೂಗುತ್ತವೆ. 2012ರಲ್ಲಿ ಈ ಕುಲಕ್ಕೆ ಜೀವವಿಜ್ಞಾನಿ ರಿಚರ್ಡ್ ಡಾಕಿನ್ಸ್ ಹೆಸರಿಟ್ಟರು. ಮರಿಗಳಿಗೆ ಮಚ್ಚೆಯ ಬದಲು ಅಡ್ಡಪಟ್ಟೆ ಇರುವುದರಿಂದ ಎಷ್ಟೋ ಜನ ಅದನ್ನು ಬೇರೆ ಜಾತಿ ಎಂದುಕೊಳ್ಳುತ್ತಾರೆ, ನಾನೂ ಬಹಳ ವರ್ಷ ಹಾಗೇ ತಿಳಿದಿದ್ದೆ.

ನಿಮ್ಮ ಹಾಗೇ ನಾನೂ ಮಹಶೀರ್ ಬಿಟ್ಟು ಬೇರೆ ನೋಡದ ಕಾಲವಿತ್ತು. ನಮ್ಮ ಸೀಮೆಯಲ್ಲಿ ಯಾರ ಮನೆ ಜಗಲಿಯಲ್ಲಿ ಕೂತರೂ ಅದೇ ಕಥೆ, 1946ರಲ್ಲಿ ಮೈಸೂರಿನ ವಾನ್ ಇಂಗನ್ ಕಬಿನಿಯಲ್ಲಿ ಹಿಡಿದ 120 ಪೌಂಡಿನ ಮೀನು. ಅದನ್ನು ಕೇಳಿ ಬೆಳೆದವನ ಕಣ್ಣಿಗೆ ಬೆರಳುದ್ದದ ಮೀನು ಹೇಗೆ ಕಂಡೀತು? ಒಂದು ಏಪ್ರಿಲ್ ಸಂಜೆ ನೆಲ್ಯಹುದಿಕೇರಿಯ ಕೆಳಗೆ ಚಿಕ್ಕ ಮೀನಿನ ಹಾಗೆ ಕಾಣುವ ದೊಡ್ಡ ಫ್ಲೈ, ಸ್ಟ್ರೀಮರ್, ಕಟ್ಟಿ ಎರಡು ಗಂಟೆ ಎಸೆದೆ, ತೋಳು ಸೋತಿತು, ಒಂದು ಎಳೆತವೂ ಇಲ್ಲ. ಹಿಂದಿನ ರಾತ್ರಿ ಮಳೆ ಬಂದಿತ್ತು. ಇದ್ದಕ್ಕಿದ್ದಂತೆ ದಡದ ಹುತ್ತಗಳಿಂದ ಈಚಲು ಹುಳು ಎದ್ದವು, ಹೊಗೆ ಎದ್ದ ಹಾಗೆ. ನೀರಿಗೆ ಬಿದ್ದದ್ದೇ ತಡ, ಇಡೀ ಹರಿವು ಕುದಿಯತೊಡಗಿತು. ಪೆಟ್ಟಿಗೆಯ ಮೂಲೆಯಲ್ಲಿ 14ನೇ ನಂಬರ್ ಕೊಕ್ಕೆಗೆ ಊರ ಹುಂಜದ ಕಂದು ಗರಿ ಸುತ್ತಿದ ಒಂದು ಫ್ಲೈ ಇತ್ತು. ಅದನ್ನು ಕಟ್ಟಿದೆ. ಕತ್ತಲಾಗುವುದರೊಳಗೆ 17 ಬ್ಯಾರಿಲಿಯಸ್. ಒಂದೊಂದೂ ನೀರು ಬಿಟ್ಟು ಮೇಲೆ ಹಾರಿ ಕಚ್ಚಿತು. ಕೈಯಲ್ಲಿ ಹಿಡಿದಾಗ ಪಟ್ಟೆಗಳ ನೀಲಿ ಸಂಜೆ ಬೆಳಕಿನಲ್ಲಿ ಉರಿಯುತ್ತಿತ್ತು. ಆನೆ ಇಳಿಯುವ ಹೊತ್ತಾದರೂ ಕಾಲು ಕೀಳಲು ಮನಸ್ಸಿರಲಿಲ್ಲ. ಆ ದಿನದಿಂದ ನನ್ನ ಡೈರಿಯಲ್ಲಿ ಎಲ್ಲ ಮೀನಿಗೂ ಜಾಗ ಸಿಕ್ಕಿದೆ.

ಇನ್ನೊಂದು ವಿಷಯ ನಿಮ್ಮ ಜೊತೆಯವರಿಗೆ ಹೇಳಿ. ಇಂದು ಕಾವೇರಿಯಲ್ಲಿ ಹೆಚ್ಚಾಗಿ ಸಿಗುವ ನೀಲಿ ರೆಕ್ಕೆಯ ಮಹಶೀರ್ ಈ ಹೊಳೆಯ ಮೂಲದ್ದಲ್ಲ. 1970ರ ದಶಕದಿಂದ ಮಹಾರಾಷ್ಟ್ರದ ಲೋನಾವಳದ ಮರಿ ಕೇಂದ್ರದ ತಳಿಯನ್ನು ಇಲ್ಲಿಗೆ ತಂದು ಬಿಟ್ಟರು. ಕಾವೇರಿಯದೇ ಆದದ್ದು ಬೆನ್ನು ಗೂನಿದ, ಕಿತ್ತಳೆ ರೆಕ್ಕೆಯ ಮಹಶೀರ್. ಅದಕ್ಕೆ ಟಾರ್ ರೆಮಾದೇವಿ ಎಂಬ ವೈಜ್ಞಾನಿಕ ಹೆಸರು ಖಚಿತವಾದದ್ದೇ 2018ರಲ್ಲಿ. ಅದೇ ವರ್ಷ ಅಳಿವಿನ ತುತ್ತತುದಿಯಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ಅಂದರೆ ನೀವು ಹಂಬಲಿಸುತ್ತಿರುವುದು ಬಹುಪಾಲು ನೆಂಟನನ್ನು, ಬೈಯುತ್ತಿರುವುದು ಮನೆಯವನನ್ನು. ಅಮೆರಿಕದ ಪಶ್ಚಿಮದ ಹೊಳೆಗಳಲ್ಲೂ ಇದೇ ಆಗಿದೆ. ಅಲ್ಲಿ ಎಲ್ಲರಿಗೂ ಬೇಕಾದ ಬ್ರೌನ್ ಟ್ರೌಟ್ ಮೀನು ಯೂರೋಪಿನಿಂದ ಅಮೆರಿಕಕ್ಕೆ 1883ರಲ್ಲಿ ಬಂದದ್ದು. ಅವರು ಮೂಗು ಮುರಿಯುವ ಮೌಂಟನ್ ವೈಟ್‌ಫಿಶ್ ಅಲ್ಲಿಯದೇ. ಇಂಗ್ಲೆಂಡಿನಲ್ಲಿ ಟ್ರೌಟಿಗೆ ಜಾಗ ಮಾಡಲೆಂದು ಗ್ರೇಲಿಂಗ್ ಎಂಬ ಚೆಂದದ ಮೀನನ್ನು ಹೊಳೆಯಿಂದ ಹಿಡಿದು ಹಿಡಿದು ಹೊರಗೆ ಹಾಕುತ್ತಿದ್ದರು. ಈಗ ಚಳಿಗಾಲದಲ್ಲಿ ಅದಕ್ಕೆಂದೇ ದೂರದಿಂದ ಹೋಗುತ್ತಾರೆ.

ಈಗ ನಿಮ್ಮ ಉಪಾಯ. ಫ್ಲೈ ದೊಡ್ಡದು ಮಾಡಿ, 2 ಅಥವಾ 4ನೇ ನಂಬರ್ ಕೊಕ್ಕೆ (ನಂಬರ್ ಇಳಿದಷ್ಟೂ ಕೊಕ್ಕೆ ದೊಡ್ಡದು). ಮುಳುಗುವ ಲೈನು ಹಾಕಿ ಕಯದ (ಆಳದ ಮಡುವಿನ) ತಲೆಯಲ್ಲಿ, ರಭಸದ ನೀರು ಆಳಕ್ಕೆ ಬೀಳುವ ಕಡೆ, ಬೆಳಕು ಹರಿಯುವ ಹೊತ್ತಿಗೆ ಎಸೆಯಿರಿ. ಚಿಕ್ಕವು ಆ ರಭಸಕ್ಕೆ ಬರುವುದಿಲ್ಲ. ಪರವಾನಗಿ ಇರುವ ಭಾಗದಲ್ಲೇ ಇಳಿಯಿರಿ, ಮುಳ್ಳು ಒತ್ತಿದ ಕೊಕ್ಕೆಯನ್ನೇ ಬಳಸಿ, ಹಿಡಿದದ್ದನ್ನು ನೀರಿಗೆ ಬಿಡಿ. ಆದರೆ ಪೆಟ್ಟಿಗೆಯಲ್ಲಿ 14ನೇ ನಂಬರಿನ ನಾಲ್ಕು ಕಂದು ಫ್ಲೈ ಇಟ್ಟುಕೊಂಡಿರಿ. ಈಚಲು ಏಳುವ ಕಾಲ ಹತ್ತಿರ ಬಂತು.

ಪ್ರಶ್ನೆ: ನಮ್ಮ ತೋಟದ ಅಂಚಿನಲ್ಲಿ ಹೊಳೆಗೆ ಬಾಗಿದ ಅತ್ತಿ ಮರ ಇದೆ. ಹಣ್ಣು ಬಿದ್ದಾಗ ಕೆಳಗೆ ದೊಡ್ಡ ಮೀನು ‘ಗುಳುಂ’ ಎನ್ನಿಸುತ್ತದೆ. ಯಾವ ಫ್ಲೈ ಹಾಕಿದರೂ ಮೂಸುವುದಿಲ್ಲ. ಅದು ಮಹಶೀರ್ ಇರಬಹುದೇ?
– ಓದುಗರು, ಕೊಂಡಂಗೇರಿ

ಉತ್ತರ: ಇರಬಹುದು, ಮಹಶೀರೂ ಹಣ್ಣು ತಿನ್ನುತ್ತದೆ. ಆದರೆ ಅತ್ತಿ ಮರದಡಿ ಠಾಣೆ ಹೂಡುವುದು ಹೆಚ್ಚಾಗಿ ಕರ್ನಾಟಿಕ್ ಕಾರ್ಪ್. ದುಂಡನೆಯ ಮೈ, ಹಸಿರು ಕಂದು ಬೆನ್ನು, ಚಿಕ್ಕ ಬಾಯಿ. ಜೆರ್ಡನ್ ಎಂಬ ವೈದ್ಯ 1849ರಲ್ಲಿ ಇದನ್ನು ಮೊದಲು ವರ್ಣಿಸಿದ. ಈ ಮೀನನ್ನು ಯಾರೂ ಹೊಗಳಿ ನಾನು ಕೇಳಿಲ್ಲ. ಆದರೆ ಐದು ಕಿಲೋದ ಒಂದು ಕೊಕ್ಕೆಗೆ ಬಿದ್ದರೆ ಮಹಶೀರ್ ಹಾಗೆ ಒಮ್ಮೆಲೇ ಓಡದೆ, ತಳ ಹಿಡಿದು ನಿಂತು ಇಂಚು ಇಂಚಾಗಿ ನಿಮ್ಮನ್ನು ಸವೆಸುತ್ತದೆ.

ಹುಳುವಿನ ಫ್ಲೈ ಅದಕ್ಕೆ ಯಾಕೆ ಬೇಕು? ಕಾಯುತ್ತಿರುವುದು ಹಣ್ಣಿಗೆ. ಕಡುಗೆಂಪು ಉಲ್ಲನ್ ನೂಲನ್ನು 6ನೇ ನಂಬರ್ ಕೊಕ್ಕೆಗೆ ಒತ್ತೊತ್ತಾಗಿ ಸುತ್ತಿ, ಕತ್ತರಿಯಿಂದ ಅತ್ತಿ ಹಣ್ಣಿನ ಆಕಾರಕ್ಕೆ ಕತ್ತರಿಸಿ. ನೂಲು ನೀರು ಕುಡಿದು ನಿಧಾನ ಮುಳುಗಬೇಕು. ಎಸೆಯುವಾಗ ಮಾತ್ರ ಫ್ಲೈಯವರು ಕಲಿತದ್ದನ್ನು ಮರೆಯಬೇಕು. ಮೆಲ್ಲಗೆ ಇಳಿಸಬೇಡಿ, ಹಣ್ಣು ಬಿದ್ದ ಹಾಗೆ ‘ಟಪ್’ ಎಂದು ಬೀಳಿಸಿ. ಆ ಸದ್ದೇ ಅದಕ್ಕೆ ಊಟದ ಗಂಟೆ. ಆಮೇಲೆ ಎಳೆಯಬೇಡಿ, ಸುಮ್ಮನೆ ಹರಿವಿಗೆ ಬಿಡಿ. ಲೈನು ಒಂದು ಚೂರು ನಿಂತ ಹಾಗೆ ಕಂಡರೆ ಕೋಲು ಎತ್ತಿ. ನನ್ನ ಮನೆ ಹತ್ತಿರದ ಮರದಡಿ ಮೊದಲ ಎರಡು ವರ್ಷ ನಾನೂ ನೂರು ತರದ ಫ್ಲೈ ಕಟ್ಟಿ ಸೋತಿದ್ದೆ. ಉತ್ತರ ಮರದಲ್ಲೇ ನೇತಾಡುತ್ತಿತ್ತು. ಹಣ್ಣು ಮುಗಿದ ಮೇಲೆ ಅದೇ ಮೀನು ನೇರಳೆ ಮರಕ್ಕೆ ಹೋಗುತ್ತದೆ, ಆಗ ನೂಲಿನ ಬಣ್ಣ ಬದಲಿಸಿ.

ಮರವನ್ನು ದಯವಿಟ್ಟು ಕಡಿಯಬೇಡಿ. ದಡ ಜಾರುತ್ತದೆ ಎಂದು ಹೇಳಿ ಹೊಳೆಬದಿ ಬೋಳಿಸುವವರನ್ನು ನೋಡಿದ್ದೇನೆ. 2018 ಮತ್ತು 2019ರ ಆಗಸ್ಟ್ ಪ್ರವಾಹದಲ್ಲಿ ನನ್ನ ದಡ ಉಳಿಸಿಕೊಟ್ಟದ್ದು ಇಂಥ ಮರಗಳ ಬೇರು.

ಪ್ರಶ್ನೆ: ಕೆಂಪು ಮರಿಗಳ ದೊಡ್ಡ ಗುಂಪಿನ ಪಕ್ಕ ಫ್ಲೈ ಎಸೆದಾಗ ಕೊರವ ಮೀನೊಂದು ಸಿಟ್ಟಿನಿಂದ ಬಂದು ಹೊಡೆಯಿತು. ಮಹಶೀರ್ ಬಯಸಿ ಬಂದವನಿಗೆ ಸಿಕ್ಕಿದ್ದು ಇದು. ಇನ್ನೊಮ್ಮೆ ಪ್ರಯತ್ನಿಸಲೇ?
– ಓದುಗರು, ಕುಶಾಲನಗರ

ಉತ್ತರ: ಬೇಡ. ಅದು ಹಸಿವಿಗೆ ಹೊಡೆದದ್ದಲ್ಲ. ಕೊರವದ ಜಾತಿಯಲ್ಲಿ ಅಪ್ಪ ಅಮ್ಮ ಮರಿಗಳ ಕೆಳಗೆ ಕಾವಲು ಇರುತ್ತಾರೆ. ಮರಿಗಳು ಗಾಳಿ ಕುಡಿಯಲು ಮೇಲೆ ಬಂದು ಇಳಿಯುವಾಗ ನೀರು ನಡುಗುವುದನ್ನು ನೀವು ಕಂಡಿರುತ್ತೀರಿ. ಕಾವಲಿನ ಮೀನನ್ನು ಎಳೆದುಕೊಂಡರೆ ಹತ್ತು ನಿಮಿಷದಲ್ಲಿ ಬೇರೆ ಮೀನುಗಳು ಆ ಗುಂಪನ್ನು ಮುಗಿಸುತ್ತವೆ. ಮರಿ ದೊಡ್ಡವಾಗಿ ಚದುರಿದ ಮೇಲೆ, ಬೇಸಿಗೆಯ ಮಧ್ಯಾಹ್ನ, ಜೊಂಡಿನ ಅಂಚಿನಲ್ಲಿ ಕಪ್ಪೆಯ ಹಾಗೆ ತೇಲುವ ಪಾಪರ್ ಎಳೆಯಿರಿ. ಹಲ್ಲಿಗೆ ದಾರ ತುಂಡಾಗದಂತೆ ತುದಿಗೆ ಒಂದಡಿ ದಪ್ಪ ನೈಲಾನ್ ಕಟ್ಟಿ.

ಪ್ರಶ್ನೆ: ಹಾರಂಗಿ ಹಿನ್ನೀರಿನಲ್ಲಿ ಫ್ಲೈಗೆ ಜಿಲೇಬಿ ಮೀನು ಬಂತು. ಬಿಡಲೇ, ಮನೆಗೆ ತರಲೇ?
– ಓದುಗರು, ಸೋಮವಾರಪೇಟೆ

ಉತ್ತರ: ಮನೆಗೆ ತನ್ನಿ. ಜಿಲೇಬಿ ಎಂದರೆ ಆಫ್ರಿಕಾದ ತಿಲಾಪಿಯಾ, ಭಾರತಕ್ಕೆ 1952ರಲ್ಲಿ ಬಂತು. ತಾಯಿ ಮೊಟ್ಟೆ, ಮರಿಗಳನ್ನು ಬಾಯಲ್ಲೇ ಇಟ್ಟುಕೊಂಡು ಸಾಕುವುದರಿಂದ ಎಲ್ಲಿ ಹೋದರೂ ಬೇಗ ಹೆಚ್ಚುತ್ತದೆ. ನಮ್ಮ ಕೊಡಗಿನ ಹುಳಿ, ಕಾಚಂಪುಳಿ, ಹಾಕಿ ಸಾರು ಮಾಡಿದರೆ ರುಚಿ ಚೆನ್ನಾಗಿದೆ.

ಪ್ರಶ್ನೆ: ನನಗೆ ಹದಿಮೂರು ವರ್ಷ. ಅಪ್ಪನ ಹಳೆಯ ರಾಡಿನಲ್ಲಿ ಗದ್ದೆ ತೋಡಿನಲ್ಲಿ ನನ್ನ ಮೊದಲ ಮೀನು ಹಿಡಿದೆ. ಬೆರಳುದ್ದ, ಮೈಯುದ್ದಕ್ಕೂ ನೀಲಿ ಮತ್ತು ಹಳದಿ ಗೆರೆ. ಅಣ್ಣ ಇದನ್ನು ಲೆಕ್ಕಕ್ಕೆ ಹಿಡಿಯಬಾರದು ಅನ್ನುತ್ತಾನೆ. ಫ್ಲೈಗೆ ಕಾಡುಕೋಳಿ ಗರಿ ಚೆನ್ನಾಗಿರುತ್ತದೆ ಅಂತಲೂ ಹೇಳಿದ.
– ಓದುಗಳು, ಪೊನ್ನಂಪೇಟೆ

ಉತ್ತರ: ಖಂಡಿತ ಲೆಕ್ಕಕ್ಕೆ ಹಿಡಿಯಬೇಕು ಮಗಳೇ. ತಾರೀಕು, ಹೊತ್ತು, ನೀರು ಹೇಗಿತ್ತು, ಯಾವ ಫ್ಲೈ, ಎಲ್ಲವನ್ನೂ ಇವತ್ತೇ ಒಂದು ಪುಸ್ತಕದಲ್ಲಿ ಬರೆದಿಡು. ನೀನು ಹಿಡಿದದ್ದು ಡೆವಾರಿಯೋ. ಹರಿಯುವ ಶುದ್ಧ ನೀರು ಅದಕ್ಕೆ ಇಷ್ಟ. ನಿಮ್ಮ ತೋಡಿನಲ್ಲಿ ಅದು ಇದೆ ಎಂದು ಓದಿ ನನಗೆ ಬಹಳ ಸಂತೋಷವಾಯಿತು, ನಮ್ಮ ಕಡೆಯ ಎಷ್ಟೋ ತೋಡುಗಳಲ್ಲಿ ಈಗ ಕಾಣುವುದಿಲ್ಲ.

ಕಾಡುಕೋಳಿಗೆ ಕಾನೂನಿನ ರಕ್ಷಣೆ ಇದೆ, ಅದರ ಗರಿಗೆ ಕೈ ಹಾಕಬೇಡ. ಮನೆಯ ಹುಂಜದ ಕುತ್ತಿಗೆಯಿಂದ ಉದುರಿದ ಗರಿ ಸಾಕು, ನಾನು ಕಟ್ಟುವುದೂ ಅದರಲ್ಲೇ. 16ನೇ ನಂಬರಿನ ಕೊಕ್ಕೆಯ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡು. ಮೀನು ಮುಟ್ಟುವ ಮೊದಲು ಕೈ ನೀರಲ್ಲಿ ಅದ್ದು. ಒಣಗಿದ ಕೈ ಅದರ ಮೈಯ ಲೋಳೆಯನ್ನು ಕಿತ್ತರೆ ಮೀನಿಗೆ ಬೂಸ್ಟು ಹಿಡಿಯುತ್ತದೆ. ನೀರೊಳಗೇ ಕೊಕ್ಕೆ ಬಿಡಿಸಲು ಆದರೆ ಇನ್ನೂ ಒಳ್ಳೆಯದು. ಪುತ್ತರಿ ಕಳೆದು ಗದ್ದೆ ನೀರು ಬಸಿದ ಮೇಲೆ ಅವು ಲಕ್ಷ್ಮಣತೀರ್ಥಕ್ಕೆ ಇಳಿಯುತ್ತವೆ. ಆಗ ತೋಡು ಹೊಳೆಗೆ ಸೇರುವ ಬಾಯಿಯಲ್ಲಿ, ಅಣ್ಣನನ್ನೂ ಕರೆದುಕೊಂಡು ಹೋಗಿ ನೋಡು.