ಮಳೆಗಾಲದ ಹಳ್ಳ ದಾಟಲು ಥಾರ್‌ಗೆ ಸ್ನಾರ್ಕೆಲ್ ಮೊದಲೋ, ಮಡ್ ಟೈರ್ ಮೊದಲೋ?

ಗಾಡಿ ಹೊಸದಿದ್ದಾಗ ನಾನೂ ಕೇಳುತ್ತಿದ್ದುದು ಇದನ್ನೇ. ಹೊಸನಗರ ಕಡೆಯ ಹಳ್ಳಗಳಿಗೆ ಇಂಜಿನ್‌ಗೆ ಮೇಲಿನಿಂದ ಗಾಳಿ ತರುವ ಸ್ನಾರ್ಕೆಲ್ ಕೊಳವೆ, ಕೆಸರಿಗೆಂದೇ ಮಾಡಿದ ಮಡ್ ಟೈರು, ಎರಡೂ ಬೇಡ. ಆ ದುಡ್ಡಿನಲ್ಲಿ ಗಾಳಿ ಪಂಪು, ಪ್ರೆಷರ್ ಗೇಜು, ಸಿಕ್ಕಿಬಿದ್ದ ಗಾಡಿ ಎಳೆಯಲು ಗಟ್ಟಿ ರಿಕವರಿ ಬೆಲ್ಟು, ಅದನ್ನು ಸಿಕ್ಕಿಸಲು ಎರಡು ಶ್ಯಾಕಲ್ (ಕೊಂಡಿ) ತಗೊಳ್ಳಿ. ಜೊತೆಗೆ ಇನ್ನೊಂದು ಗಾಡಿ ಇರಲಿ.

ಥಾರ್ 650 ಮಿ.ಮೀ. ನೀರಿನಲ್ಲಿ ಹೋಗುತ್ತದೆ ಅಂತ ಕಂಪನಿ ಹೇಳುತ್ತದೆ, ನಿಜ. ಆದರೆ ಹರಿಯುವ ನೀರು ಅಷ್ಟು ಆಳವಿಲ್ಲದೆಯೂ ಗಾಡಿಯನ್ನು ಪಕ್ಕಕ್ಕೆ ತಳ್ಳುತ್ತದೆ. ಸ್ನಾರ್ಕೆಲ್ ಇಂಜಿನ್‌ಗೆ ಗಾಳಿ ಕೊಟ್ಟೀತು, ಗಾಡಿಯನ್ನು ಹಿಡಿದು ನಿಲ್ಲಿಸುವುದಿಲ್ಲ. ಮೊದಲು ಕೋಲು ಊರಿಕೊಂಡು ನಡೆದು ನೋಡಿ. ನೀರು ಕೆಂಪಗಾಗಿ ಎಲೆ, ಕಡ್ಡಿ ತೇಲಿ ಬರುತ್ತಿದ್ದರೆ ಮೇಲೆ ಮಳೆ ಹೊಯ್ದಿದೆ, ಹಳ್ಳ ಏರುತ್ತಿದೆ ಎಂದೇ ಅರ್ಥ. ಮೊಣಕಾಲಿನ ಹತ್ತಿರ ನೀರು ಕಾಲನ್ನು ಎಳೆದರೂ ವಾಪಸ್ ಬನ್ನಿ.

ದುಬಾರಿ ತಪ್ಪು ಒಂದೇ: ನೀರಿನ ನಡುವೆ ಗಾಡಿ ಆಫ್ ಆದಾಗ ಗಾಬರಿಯಲ್ಲಿ ಸೆಲ್ಫ್ ಹೊಡೆಯುವುದು. ಗಾಳಿ ಒತ್ತಿದರೆ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಸಿಲಿಂಡರ್‌ಗೆ ನೀರು ಹೊಕ್ಕಿದ್ದರೆ ಮೇಲೇಳುವ ಪಿಸ್ಟನ್ ಅಲ್ಲೇ ತಡೆದು, ಅದನ್ನು ತಳ್ಳುವ ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಬಗ್ಗಿದ ರಾಡ್‌ನಲ್ಲೂ ಗಾಡಿ ಓಡಬಹುದು. ಆಮೇಲೆ ಎಲ್ಲೋ ಮುರಿದು ಇಂಜಿನ್ ಬ್ಲಾಕನ್ನೇ ಒಡೆಯಬಹುದು. ಹಾಗಾಗಿ ಕೀ ಆಫ್ ಮಾಡಿ ಎಳೆಸಿ. ಏರ್ ಫಿಲ್ಟರ್ ಬಿಚ್ಚಿ ಮುಟ್ಟಿ ನೋಡಿ. ಒದ್ದೆಯಿದ್ದರೆ ಮೆಕ್ಯಾನಿಕ್ ಬರುವವರೆಗೆ ಕೀ ಮುಟ್ಟಬೇಡಿ. ಡೀಸೆಲ್ ಗಾಡಿಯಾದರೆ ಗ್ಲೋ ಪ್ಲಗ್, ಪೆಟ್ರೋಲ್ ಆದರೆ ಸ್ಪಾರ್ಕ್ ಪ್ಲಗ್ ಬಿಚ್ಚಿಸಿ, ಇಂಜಿನ್ ತಿರುಗಿಸಿ ನೀರು ಹೊರಗೆ ಹಾಕಿಸಬೇಕು. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಹಾಲು ಬೆರೆಸಿದ ಕಾಫಿಯಂತೆ ಕಂಡರೆ ಅದನ್ನೂ ಬದಲಾಯಿಸಿ.

ಇಳಿಯುವ ಮೊದಲು ಐದಾರು ನಿಮಿಷ ನಿಲ್ಲಿಸಿ. ಬಿಸಿ ಆಕ್ಸೆಲ್ ತಣ್ಣೀರಿಗೆ ಬಿದ್ದರೆ ಒಳಗಿನ ಗಾಳಿ ಕುಗ್ಗಿ ಸೀಲ್ ಸಂದಿಯಿಂದ ನೀರು ಎಳೆದುಕೊಳ್ಳುತ್ತದೆ. ಫೋರ್ ಲೋ (ನಾಲ್ಕೂ ಚಕ್ರಕ್ಕೆ ನಿಧಾನದ, ಹೆಚ್ಚು ಬಲದ ಗೇರು), ಮೊದಲ ಗೇರ್, ನಡಿಗೆಯ ವೇಗ, ಕ್ಲಚ್ ತುಳಿಯಬೇಡಿ. ಜಾರು ಮಣ್ಣಿಗೆ, ಪಾಚಿಗಟ್ಟಿದ ಕಲ್ಲಿಗೆ ಈಗಿರುವ ಟೈರಿನ ಗಾಳಿಯನ್ನೇ 20 ಪಿಎಸ್‌ಐ ಒತ್ತಡಕ್ಕೆ ಇಳಿಸಿದರೆ ಹಿಡಿತ ಬೇರೆಯೇ ಆಗುತ್ತದೆ. ಡಾಂಬರು ಸಿಕ್ಕಿದ ಕೂಡಲೇ ಮತ್ತೆ ತುಂಬಿ.

ಬೇಸಿಗೆಯಲ್ಲಿ ಲಿಂಗನಮಕ್ಕಿ ಹಿನ್ನೀರು ಇಳಿದ ಬಯಲಿಗಂತೂ ಇಳಿಯಲೇಬೇಡಿ. ಮೇಲೆ ಬಿರುಕು ಬಿಟ್ಟ ಒಣ ಮಣ್ಣು, ಅಡಿಯಲ್ಲಿ ಮೆತ್ತನೆ ಹೂಳು. ಇನ್ನು ಶರಾವತಿ ಕಣಿವೆಯ ಅಭಯಾರಣ್ಯದೊಳಗೆ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ನುಗ್ಗುವುದು 1972ರ ವನ್ಯಜೀವಿ ಕಾಯ್ದೆಯಡಿ ಅಪರಾಧ. ಮ್ಯಾಪ್‌ನಲ್ಲಿ ದಾರಿ ಕಂಡಿತು ಅನ್ನುವುದು ಅಲ್ಲಿ ನಡೆಯುವುದಿಲ್ಲ.