ಅಜ್ಜನ 65 ಮಿ.ಮೀ. ಕೋವಿಯ ಚೇಂಬರ್ ಉದ್ದ ಮಾಡಿಸಿ 70 ಮಿ.ಮೀ. ತೋಟೆ ಹಾಕಬಹುದೇ?

ಬೇಡ ಮಾರಾಯ್ರೆ. ಚೇಂಬರ್ ಅಂದರೆ ನಳಿಗೆಯ ಹಿಂತುದಿಯಲ್ಲಿ ತೋಟೆ ಕೂರುವ ಜಾಗ, 65, 70 ಅನ್ನುವುದು ಅದರ ಉದ್ದ. ಅಜ್ಜನ ಕಾಲದ ಇಂಗ್ಲೆಂಡಿನ ಜೋಡುನಳಿಗೆ, ಅಡಿಕೆ ತೋಟ, ಬೆಳೆ ರಕ್ಷಣೆಯ ಪರವಾನಗಿ, ಅಂಗಡಿಗೆ ಹೋದರೆ "70ರದ್ದು ಮಾತ್ರ ಉಂಟು" ಎಂಬ ಉತ್ತರ. ನಿಮ್ಮದು ಬೈಂದೂರು, ನಮ್ಮದು ಕಾರ್ಕಳದ ಹತ್ತಿರ. ಅಷ್ಟು ಬಿಟ್ಟರೆ ಎರಡೂ ಒಂದೇ ಕಥೆ.

ನಾನು ಚೇಂಬರ್ ಕೊರೆಸಲೂ ಇಲ್ಲ, ಆದರೂ ನಮ್ಮ ಕೋವಿ ಹಾಳಾಯಿತು. ನಮ್ಮದು 70ರ ಕೋವಿಯೇ ಅಂತ ಅಳೆದು ನೋಡಿಯೇ ತೋಟೆ ಹಾಕಿದ್ದೆ. ಕೆಟ್ಟದ್ದು ಆ ಅಳತೆಯಲ್ಲೇ. ನಳಿಗೆ ಕಳಚಿ ಅಡಿಯ ಚಪ್ಪಟೆ ಭಾಗ ನೋಡಿದರೆ ವಜ್ರಾಕೃತಿಯೊಳಗೆ 12 ಮತ್ತು 'ಸಿ' ಮಾತ್ರ, ಉದ್ದದ ಅಂಕಿ ಇಲ್ಲ. ಹಳೇ ಗುರುತು ಹಾಗೇ ಇರುತ್ತದೆ. ಸರಿ ಅಂತ ಆರಿಂಚಿನ ಸ್ಟೀಲ್ ಸ್ಕೇಲು ತೂರಿಸಿದೆ. ನಿಂತಲ್ಲಿ ಓದಿದರೆ 72.

ಆ ಸ್ಕೇಲಿನ ಅಗಲ 19 ಮಿ.ಮೀ. ಹನ್ನೆರಡು ಬೋರಿನ ಚೇಂಬರ್ ಮುಗಿಯುವಲ್ಲಿ ಒಳವ್ಯಾಸ ಸುಮಾರು 20.3. ಅಲ್ಲಿಂದ ಕೋನು ಕಿರಿದಾಗುತ್ತಾ ಹೋಗಿ ನಳಿಗೆಯ 18.5ಕ್ಕೆ ಸೇರುತ್ತದೆ. 19ರ ಸ್ಕೇಲು ಚೇಂಬರ್ ಮುಗಿದಲ್ಲಿ ನಿಲ್ಲುವುದೇ ಇಲ್ಲ, ಕೋನಿನೊಳಗೆ ಏಳೆಂಟು ಮಿ.ಮೀ. ನುಗ್ಗಿ ಆಮೇಲೆ ಸಿಕ್ಕಿಕೊಳ್ಳುತ್ತದೆ. ಹೀಗಾಗಿ 65 ಇದ್ದದ್ದು 72 ಆಯಿತು. ಅಳೆಯುವುದಿದ್ದರೆ ಹಿತ್ತಾಳೆ ಪಟ್ಟಿಯನ್ನು ಅರದಲ್ಲಿ ಉಜ್ಜಿ, ವರ್ನಿಯರ್ ಹಿಡಿದು 20.3ಕ್ಕೆ ತನ್ನಿ. ಅದು ಎಲ್ಲಿ ತಡೆಯುತ್ತದೋ ಅಲ್ಲಿಗೆ ಚೇಂಬರ್ ಮುಗಿಯಿತು. ಅರ್ಧ ಮಿ.ಮೀ. ಕಿರಿದಾದರೂ ಅದು ಸುಳ್ಳು ಹೇಳುತ್ತದೆ.

ಎರಡನೇ ಸುಳ್ಳು ತೋಟೆಯದ್ದು. 70ರ ತೋಟೆ 65ರ ಚೇಂಬರಿಗೆ ಸಲೀಸಾಗಿ ಇಳಿಯುತ್ತದೆ, ಕೋವಿ ಸರಿಯಾಗಿ ಮುಚ್ಚುತ್ತದೆ. ಯಾಕೆಂದರೆ ತೋಟೆಯ ಅಂಕಿ ಹಾರಿಸಿದ ಮೇಲೆ ಬಾಯಿ ಬಿಚ್ಚಿದ ಕವಚದ ಉದ್ದ, ಪೆಟ್ಟಿಗೆಯಲ್ಲಿರುವಾಗಿನದ್ದಲ್ಲ. ಬಾಯಿ ಮಡಚಿದ 70ರ ತೋಟೆ 60ರ ಆಸುಪಾಸಿನಲ್ಲಿರುತ್ತದೆ. "ಒಳಗೆ ಹೋಯಿತಲ್ಲ, ಹಾಗಾದರೆ ಸರಿ" ಅಂದುಕೊಂಡೆ. ಈಡು ಹೊಡೆದಾಗ ಆ ಮಡಿಕೆ ಬಿಚ್ಚಿಕೊಳ್ಳುವುದು ಚೇಂಬರಿನಲ್ಲಲ್ಲ, ಕೋನಿನಲ್ಲಿ. ಚರೆ, ಅದರ ಹಿಂದಿನ ಬಿರಡೆಯಂಥ ವಾಡು ಎಲ್ಲ ಸಾಗಬೇಕಾದ ದಾರಿಗೇ ಪ್ಲಾಸ್ಟಿಕ್ಕಿನ ಕತ್ತುಪಟ್ಟಿ ಬೀಳುತ್ತದೆ, ಒತ್ತಡ ಏರುತ್ತದೆ.

ನಳಿಗೆ ಒಡೆಯಲಿಲ್ಲ. ಒಡೆದಿದ್ದರೆ ಮೊದಲ ದಿನವೇ ಗೊತ್ತಾಗುತ್ತಿತ್ತು. ಖಾಲಿ ಕವಚದ ಬಾಯಿ ಒಣಗಿದ ಅಡಿಕೆ ಹಾಳೆಯ ಅಂಚಿನ ಹಾಗೆ ಸೀಳು ಸೀಳಾಗಿ ಬರುತ್ತಿತ್ತು, ಹೆಗಲಿಗೆ ಒದೆತ ಜೋರು. ನಾನು ತೋಟೆಯೇ ಖಡಕ್ ಅಂದುಕೊಂಡೆ. ಎರಡು ಮಳೆಗಾಲ ಕಳೆಯುವಾಗ ಕೀಲು ಸಡಿಲವಾಗಿತ್ತು. ಮುಚ್ಚಿದ ಕೋವಿಯನ್ನು ಟ್ಯೂಬ್‌ಲೈಟಿಗೆ ಅಡ್ಡ ಹಿಡಿದರೆ ನಳಿಗೆಯ ಹಿಂಭಾಗಕ್ಕೂ ಅದು ಒತ್ತಿ ಕೂರುವ ಕೋವಿಯ ಉಕ್ಕಿನ ಗೋಡೆಗೂ ನಡುವೆ ಕೂದಲೆಳೆಯ ಬೆಳಕು. ಅಡಿಯ ಮರದ ಹಿಡಿ ತೆಗೆದು ಅಲ್ಲಾಡಿಸಿದರೆ ಟಕ್ ಟಕ್. ಅಜ್ಜ ಅರವತ್ತು ವರ್ಷ ಬಾಳಿಸಿದ ಕೋವಿ.

ಈಗ ನಿಮ್ಮ ಪ್ರಶ್ನೆ. ಚೇಂಬರ್ ಕೊರೆದರೆ ಕವಚದ ಉದ್ದಕ್ಕೆ ಜಾಗ ಆಗುತ್ತದೆ, ನಿಜ. 70ರ ತೋಟೆಯ ಹೆಚ್ಚಿನ ಒತ್ತಡ ಎಲ್ಲಿಗೆ ಹೋಗಬೇಕು? 1954ರ ನಂತರದ ಬ್ರಿಟಿಷ್ ಗುರುತಿನಲ್ಲಿ ಎರಡೂವರೆ ಇಂಚಿನ, ಅಂದರೆ ನಾವು 65 ಅನ್ನುವ, ಕೋವಿಗೆ ಚದರ ಇಂಚಿಗೆ 3 ಟನ್ ಅಂತ ಕೊರೆದಿರುತ್ತದೆ, 70ರದ್ದಕ್ಕೆ 3¼. ಮೇಲಾಗಿ ಕೊರೆಯುವುದು ನಳಿಗೆಯ ಹೊರಗೋಡೆ ತೆಳುವಾಗುತ್ತಾ ಹೋಗುವ ಜಾಗದಲ್ಲೇ. ಒತ್ತಡ ತುತ್ತತುದಿಗೆ ಏರುವುದೂ ಅಲ್ಲೇ, ಚರೆ ಹೊರಟ ಮೊದಲ ಒಂದೆರಡು ಇಂಚಿನೊಳಗೆ. ಇಂಗ್ಲೆಂಡಿನಲ್ಲಾದರೆ ಚೇಂಬರ್ ಉದ್ದ ಮಾಡಿದ ಕೋವಿಯನ್ನು ಲಂಡನ್ ಅಥವಾ ಬರ್ಮಿಂಗ್‌ಹ್ಯಾಮಿನ ಪ್ರೂಫ್ ಹೌಸಿನಲ್ಲಿ ಪುನಃ ಪರೀಕ್ಷೆ ಮಾಡಿಸದೆ ಮಾರುವ ಹಾಗಿಲ್ಲ.

ನೀವು ಹೇಳಿದ, ರಿವಾಲ್ವರಿನ ಸಿಲಿಂಡರ್ ಬದಲಿಸಿ ಬೇರೆ ತೋಟೆ ಹಾಕುವ ಅಮೆರಿಕದ ವಿಡಿಯೋ ಇಲ್ಲಿಗೆ ಹೊಂದುವುದಿಲ್ಲ. ಸಿಂಗಲ್ ಆಕ್ಷನ್ ರಿವಾಲ್ವರಿನಲ್ಲಿ ಬೇಸ್ ಪಿನ್ ಎಂಬ ಅಚ್ಚು ಎಳೆದರೆ ತೋಟೆ ತುಂಬುವ ಸಿಲಿಂಡರ್ ಕೈಗೆ ಬರುತ್ತದೆ. ರೂಗರ್ ಬ್ಲ್ಯಾಕ್‌ಹಾಕ್‌ನಲ್ಲಿ .357ರ ಸಿಲಿಂಡರ್ ತೆಗೆದು 9 ಮಿ.ಮೀ.ನದ್ದು ಹಾಕಬಹುದು. ಎರಡರ ಗುಂಡಿನ ವ್ಯಾಸ ಹೆಚ್ಚುಕಡಿಮೆ ಒಂದೇ, ನಳಿಗೆ ಮುಟ್ಟಬೇಕಾಗಿಲ್ಲ, ಎರಡು ಸಿಲಿಂಡರನ್ನೂ ಕಾರ್ಖಾನೆಯಲ್ಲೇ ಆ ಕೋವಿಗೆ ಕೂಡಿಸಿರುತ್ತಾರೆ. ನಮ್ಮ ಜೋಡುನಳಿಗೆಯಲ್ಲಿ ಚೇಂಬರೂ ನಳಿಗೆಯೂ ಒಂದೇ ಉಕ್ಕು. ಕೊರೆದದ್ದನ್ನು ವಾಪಸು ಹಾಕಲಿಕ್ಕೆ ಆಗುವುದಿಲ್ಲ.

ಮತ್ತೆ ಬೈಕಂಪಾಡಿಯ ಲೇತ್ ಅಂಗಡಿಯಲ್ಲಿ ಕೊರೆಸುತ್ತೇನೆ ಅಂದಿರಲ್ಲ, ಆ ಯೋಚನೆ ಇವತ್ತೇ ಬಿಡಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ರಿಪೇರಿ, ಮಾರ್ಪಾಡಿಗೂ ಬೇರೆ ಲೈಸೆನ್ಸ್ ಬೇಕು. ನಿಮ್ಮ ಬೆಳೆ ರಕ್ಷಣೆ ಪರವಾನಗಿ ಅದಕ್ಕಾಗದು. ಅನಧಿಕೃತ ಮಾರ್ಪಾಡಿಗೆ 2019ರ ತಿದ್ದುಪಡಿಯ ನಂತರ ಕನಿಷ್ಠ 7 ವರ್ಷ ಶಿಕ್ಷೆ. ಕೊಡಗಿನವರಿಗೆ ವಿನಾಯಿತಿ ಇಲ್ವಾ ಅಂತ ಕೇಳಬೇಡಿ. ಅದು ಕೊಡವರಿಗೆ ಮತ್ತು ಅಲ್ಲಿನ ಜಮ್ಮಾ ಎಂಬ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೆ, ಅದೂ ಪರವಾನಗಿಯ ಮಟ್ಟಿಗೆ.

ನನ್ನ ಮಾತು ಕೇಳುವುದಾದರೆ ಡೀಲರಿಗೆ 65ರದ್ದೇ ತರಿಸಿಕೊಡಿ ಅಂತ ಗಂಟು ಬೀಳಿ. ಪೆಟ್ಟಿಗೆಯ ಮೇಲಿನ ಮಿ.ಮೀ. ನೀವೇ ಓದಿ, ಅಂಗಡಿಯವರ ಬಾಯಿಮಾತು ಬೇಡ. ವರ್ಷಕ್ಕೆ ಹತ್ತೋ ಹದಿನೈದೋ ಈಡು ಹೊಡೆಯುವವರಿಗೆ ಒಂದೆರಡು ತಿಂಗಳು ಕಾಯುವುದು ದೊಡ್ಡದಲ್ಲ. ಸಿಗಲೇ ಇಲ್ಲ ಅಂದರೆ ಮಣಿಪಾಲದ ರಜತಾದ್ರಿಗೆ, ಅಂದರೆ ಜಿಲ್ಲಾಧಿಕಾರಿ ಕಚೇರಿಗೆ, ಅರ್ಜಿ ಕೊಟ್ಟು ಹೊಸ ಒಂಟಿನಳಿಗೆ ತೆಗೊಳ್ಳಿ. ಈಗ ಒಬ್ಬರಿಗೆ ಎರಡೇ ಕೋವಿ, ಅದು ಲೆಕ್ಕದಲ್ಲಿರಲಿ.

ಅದಕ್ಕೆ ಮೊದಲು ಒಂದು ಕೆಲಸ. ಕೋವಿ ಖಾಲಿ ಉಂಟಾ ಅಂತ ಎರಡು ಸಲ ನೋಡಿ, ನಳಿಗೆ ಕಳಚಿ, ಅಡಿಯ ಕೊಕ್ಕೆಗೆ ದಾರ ಕಟ್ಟಿ ತೂಗುಹಾಕಿ ಬೆರಳಗಂಟಿನಿಂದ ತಟ್ಟಿ. ದೇವಸ್ಥಾನದ ಗಂಟೆಯ ಹಾಗೆ ನಾದ ಎಳೆದರೆ ಬೆಸುಗೆ ಗಟ್ಟಿ. ಒಡಕು ಮಡಕೆಯ ಸದ್ದು ಬಂದರೆ ಎರಡು ನಳಿಗೆಯ ನಡುವಿನ ಪಟ್ಟಿಯ ಬೆಸುಗೆ ಬಿಟ್ಟಿದೆ, ಅದರೊಳಗೆ ನಮ್ಮ ಕರಾವಳಿಯ ತೇವ ಕೂತು ತುಕ್ಕು ಹಿಡಿಸುತ್ತಾ ಇರುತ್ತದೆ. ಚುನಾವಣೆಗೆ ಠಾಣೆಯಲ್ಲಿಟ್ಟು ತಂದ ಕೋವಿಯಾದರೆ ಇದನ್ನು ಖಂಡಿತ ಮಾಡಿ. ಹಾಗೆ ಸದ್ದು ಬಂದ ಕೋವಿಗೆ 65ರ ತೋಟೆಯೂ ಬೇಡ, ಲೈಸೆನ್ಸ್ ಇರುವ ರಿಪೇರಿಯವರು ನೋಡುವವರೆಗೆ ಗೋಡೆಯಲ್ಲೇ ಇರಲಿ.