ನದಿ ದಂಡೆಯ ಹಳೇ ಪಬ್‌ಗೆ ಹೋಗಬಹುದಾ?

ಆಕ್ಸ್‌ಫರ್ಡ್ ಹತ್ತಿರದ ಹಳ್ಳಿಗೆ ಹೊಸದಾಗಿ ಬಂದಿದ್ದೀರಿ. ಕುಡಿಯುವ ಅಭ್ಯಾಸವಿಲ್ಲ, ಆಫೀಸಿನವರು ಥೇಮ್ಸ್ ದಂಡೆಯ ಪಬ್‌ಗೆ ಕರೆಯುತ್ತಿದ್ದಾರೆ, ಹೋಗಲಾ ಬೇಡವಾ ಅಂತ ಕೇಳಿದ್ದೀರಿ. ಖಂಡಿತ ಹೋಗಿ. ನಮ್ಮ ಕಡೆಯ ಬಾರ್ ಥರ ಇರುತ್ತದೆ ಅಂದುಕೊಳ್ಳಬೇಡಿ. ಮಕ್ಕಳು, ಅಜ್ಜಿಯರು ಎಲ್ಲರೂ ಬರುತ್ತಾರೆ. ಕೌಂಟರ್‌ಗೆ ಹೋಗಿ ಲೈಮ್ ಸೋಡಾ ಕೇಳಿ, ಯಾರೂ ಏನೂ ಅನ್ನುವುದಿಲ್ಲ.

ಈ ಪಬ್‌ಗಳು ನದಿ ಪಕ್ಕ ಹುಟ್ಟಿದ್ದು ಸುಮ್ನೆ ನೋಟಕ್ಕಲ್ಲ. ರೈಲು ಬರುವ ಮೊದಲು ಧಾನ್ಯ, ಮಾಲ್ಟ್, ಕಲ್ಲು, ಮರ ದೋಣಿಯಲ್ಲೇ ಲಂಡನ್‌ಗೆ ಹೋಗುತ್ತಿತ್ತು. ದಂಡೆಯಲ್ಲಿ ಆಳುಗಳೋ ಕುದುರೆಗಳೋ ಹಗ್ಗ ಹಿಡಿದು ದೋಣಿ ಎಳೆಯಬೇಕು. ಹಿಟ್ಟಿನ ಗಿರಣಿಗಳಿಗಾಗಿ ನದಿಗೆ ಅಲ್ಲಲ್ಲಿ ಒಡ್ಡು ಕಟ್ಟಿದ್ದರು. ಗಿರಣಿಯವನು ಒಡ್ಡು ತೆಗೆದು ನೀರು ಬಿಟ್ಟರೆ ಮಾತ್ರ ದೋಣಿ ಮುಂದೆ ಹೋಗಬೇಕು. ನೀರು ಕಡಿಮೆ ಇದ್ದಾಗ ದಿನಗಟ್ಟಲೆ ಕಾಯಬೇಕಾಗುತ್ತಿತ್ತು. ಕಾಯುವವರಿಗೆ ಊಟ, ಏಲ್ ಅನ್ನುವ ಬಿಯರ್, ಮಲಗಲು ಜಾಗ, ಕುದುರೆಗೆ ಲಾಯ ಬೇಕಲ್ವಾ? ಹಾಗಾಗಿ ಒಡ್ಡು, ಸೇತುವೆ, ದೋಣಿ ದಾಟಿಸುವ ಜಾಗಗಳ ಪಕ್ಕದಲ್ಲೇ ಪಬ್‌ಗಳು ಜಾಸ್ತಿ.

ಊರಿನ ಅರಳಿಕಟ್ಟೆಯ ಕೆಲಸವೂ ಇಲ್ಲೇ ನಡೆಯುತ್ತಿತ್ತು. ಹರಾಜು, ಕೂಲಿಯವರು ಕಾಯಿಲೆ ಕಾಲಕ್ಕೆಂದು ಹಣ ಕೂಡಿಡುವ ಸಂಘದ ಸಭೆ, ಅನುಮಾನದ ಸಾವುಗಳ ವಿಚಾರಣೆ ಕೂಡ! ನನಗೆ ಈ ಪಬ್‌ಗಳ ಮೇಲೆ ಇಷ್ಟು ಪ್ರೀತಿ ಇರುವುದು ಅದಕ್ಕೇ.

1844ರಲ್ಲಿ ಆಕ್ಸ್‌ಫರ್ಡ್‌ಗೆ ರೈಲು ಬಂತು, ಸರಕಿನ ದೋಣಿಗಳು ಕಡಿಮೆಯಾದವು. ಆಮೇಲೆ ರಜೆಯಲ್ಲಿ ದೋಣಿ ವಿಹಾರಕ್ಕೆ ಬಂದ ನಗರದ ಜನರೇ ಎಷ್ಟೋ ಪಬ್‌ಗಳನ್ನು ಉಳಿಸಿದರು.

ಮೊದಲ ಸಲಕ್ಕೆ ಆಕ್ಸ್‌ಫರ್ಡ್ ಹತ್ತಿರದ ಗಾಡ್‌ಸ್ಟೋದ 'ಟ್ರೌಟ್' ಪಬ್‌ಗೆ ಹೋಗಿ. ಹತ್ತಿರದಲ್ಲೇ 1539ರಲ್ಲಿ ಎಂಟನೇ ಹೆನ್ರಿಯ ಕಾಲದಲ್ಲಿ ಮುಚ್ಚಿದ ಸನ್ಯಾಸಿನಿಯರ ಮಠದ ಪಾಳುಗೋಡೆಗಳಿವೆ. ಅಲ್ಲಿಂದ ದಂಡೆ ಹಿಡಿದು ನಡೆದರೆ ಬಿನ್ಸಿ ಹಳ್ಳಿಯಲ್ಲಿ ಹುಲ್ಲಿನ ಚಾವಣಿಯ 'ಪರ್ಚ್' ಪಬ್ ಸಿಗುತ್ತದೆ. ಎರಡೂ ಮೀನಿನ ಹೆಸರೇ.

ಇನ್ನೊಂದು ಮಾತು. ಹಳ್ಳಿ ಪಬ್‌ಗಳು ಮುಚ್ಚುತ್ತಿವೆ, ಮನೆಗಳಾಗುತ್ತಿವೆ. 2011ರ ಕಾನೂನಿನಂತೆ ಪಬ್ಬನ್ನು ಊರಿಗೆ ಬೇಕಾದ ಆಸ್ತಿ ಅಂತ ಕೌನ್ಸಿಲ್ (ಸ್ಥಳೀಯ ಆಡಳಿತ) ಪಟ್ಟಿಗೆ ಸೇರಿಸಬಹುದು. ಸೇರಿಸಿದರೆ, ಮಾರಾಟಕ್ಕೆ ಬಂದಾಗ ಕೊಳ್ಳಲು ಊರಿನವರಿಗೆ ಸಮಯ ಸಿಗುತ್ತದೆ. ಅಲ್ಲಿನ ಮತದಾರರ ಪಟ್ಟಿಯಲ್ಲಿರುವ 21 ಜನ ಗುಂಪು ಕಟ್ಟಿ ಅರ್ಜಿ ಹಾಕಬಹುದು. ನಾವು ಕಾಮನ್‌ವೆಲ್ತ್ ದೇಶದವರು, ಭಾರತದ ಪಾಸ್‌ಪೋರ್ಟ್ ಇದ್ದರೂ ಆ ಮತದಾರರ ಪಟ್ಟಿಗೆ ಸೇರಬಹುದು. ಮೊದಲು ಹೆಸರು ನೋಂದಾಯಿಸಿಕೊಳ್ಳಿ. ಊರಿನವರು ಸಹಿ ಕೇಳಿಕೊಂಡು ಬಂದರೆ ನಿಮ್ಮದೂ ಲೆಕ್ಕಕ್ಕೆ ಬರುತ್ತದೆ.